ಸದ್ದು ಮಾಡದ ಡಿಸ್ಕು

ಸಂಗನಬಸವನ ಲ್ಯಾಪ್‌ಟಾಪು ಏಳುವುದರೊಳಗೆ ಅವನ ಲಿಂಗಪೂಜೆ ಮುಗಿಯುತ್ತಿತ್ತು. ಬೆಳಿಗ್ಗೆ ಅದರ ಗುಂಡಿ ಒತ್ತಿ ಜಳಕಕ್ಕೆ ಹೋಗುವನು. ಬಂದು ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಕೂತು, ಪೂಜೆ ಮುಗಿಸಿ, ಒಂದು ಕಪ್ಪು ಚಹಾ ಕುಡಿಯುವ ಹೊತ್ತಿಗೆ ಒಳಗಿನ ಕೋಣೆಯಿಂದ ಯಂತ್ರದ ಧ್ವನಿಯೊಂದು ನೆಗಡಿಯಾದವರ ಹಾಗೆ ಮೂಗಿನಲ್ಲಿ ಕನ್ನಡ ಮಾತಾಡಲು ಶುರು ಮಾಡುತ್ತಿತ್ತು. ಸಂಗನಬಸವನಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲೆ ಇದ್ದದ್ದನ್ನು ಅವನಿಗೆ ಓದಿ ಹೇಳುವ ಧ್ವನಿ ಅದು.

"ಮಾಸ್ತರ, ನಿಮ್ಮ ಭೂತ ಎದ್ದೈತೇನ್ರಿ?" ಎಂದು ಬಾಜು ಮನೆಯ ಗುಡದಪ್ಪ ಕಟ್ಟೆಯ ಮೇಲಿಂದಲೇ ಕೂಗುವನು.

"ಇನ್ನೂ ಮಾರಿ ತೊಳ್ಕೊಳ್ಳಾಕತ್ತೈತೋ ಮಾರಾಯಾ!"

ಶಲವಡಿಯ ಆ ಓಣಿಯಲ್ಲಿ ದಿನಾ ಬೆಳಿಗ್ಗೆ ಇದೊಂದು ಚೇಷ್ಟೆ. ನಗುವವರು ನಗುತ್ತಿದ್ದರು. ಆದರೆ ಆ ವರ್ಷದ ಶ್ರಾವಣದಲ್ಲಿ ಸಂಗನಬಸವನಿಗೆ ನಗು ಬರುತ್ತಿರಲಿಲ್ಲ.

ಅವನ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಮೂರು ವರ್ಷದ ಕೂಸಿದ್ದಾಗ ದಡಾರ ಬಂದು ಎರಡೂ ಕಣ್ಣು ಹೋದವು. ಹುಬ್ಬಳ್ಳಿಯಲ್ಲಿ ಅಂಧ ಮಕ್ಕಳ ಶಾಲೆಗೆ ಹಾಕಿದರು. ಕಣ್ಣಿಲ್ಲದವರೆಲ್ಲ ಹಾಡಲೇಬೇಕು ಎಂಬುದು ನಮ್ಮ ಕಡೆಯ ಜನರ ನಂಬಿಕೆ. ಸಂಗನಬಸವನನ್ನೂ ಹಾರ್ಮೋನಿಯಮ್ಮಿನ ಮುಂದೆ ಕೂರಿಸಿದರು. ಆರು ತಿಂಗಳು ಅವನ ಧ್ವನಿ ಕೇಳಿದ ಮೇಲೆ ಸಂಗೀತದ ಮಾಸ್ತರರು ಕೈಮುಗಿದು, "ತಮ್ಮಾ, ನೀ ಸಾಲಿ ಓದು" ಎಂದರು. ಓದಿದ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದ. ಅಣ್ಣಿಗೇರಿಯ ಪದವಿಪೂರ್ವ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಅತಿಥಿಯೇ. ಹತ್ತೊಂಬತ್ತು ವರ್ಷ ಒಂದೇ ಮನೆಗೆ ಉಣ್ಣಲು ಬರುವವನನ್ನು ಯಾರಾದರೂ ಅತಿಥಿ ಅನ್ನುತ್ತಾರೆಯೇ? ಸರ್ಕಾರ ಅನ್ನುತ್ತದೆ. ಪ್ರತಿ ಜೂನಿನಲ್ಲಿ ಪ್ರಿನ್ಸಿಪಾಲರ ಫೋನು ಬರುವವರೆಗೆ ಅವನಿಗೆ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಕಾಯಂ ಆದವರೊಬ್ಬರು ಇತಿಹಾಸಕ್ಕೆ ಬಂದರೆ ಅಲ್ಲಿಗೆ ಅವನ ಕೆಲಸ ಮುಗಿಯಿತು.

ಎಷ್ಟೋ ವರ್ಷದ ಮೇಲೆ ಕಾಯಂ ಹುದ್ದೆಗೆ ಪರೀಕ್ಷೆ ಕರೆದಿದ್ದರು. ಅಂಗವಿಕಲರ ವಯಸ್ಸಿನ ಸಡಿಲಿಕೆಯನ್ನೆಲ್ಲ ಕೂಡಿಸಿದರೂ ಅವನಿಗೆ ಇದೇ ಕೊನೆಯ ಸಲ. ಹಿಂದಿನ ಸಲ ನಾಲ್ಕು ಅಂಕಕ್ಕೆ ತಪ್ಪಿತ್ತು. ಆಗ ಅವನ ಪರವಾಗಿ ಬರೆಯಲು ಕೂರಿಸಿದ್ದ ಹುಡುಗಿ ನಡುವೆ ಒಂದು ಸಾಲು ಬಿಟ್ಟು ಗುರುತು ಮಾಡುತ್ತ ಹೋಗಿದ್ದಳು. ಈ ಸಲ ಬರೆಯುವವರ ಹೆಸರಿನ ಜಾಗದಲ್ಲಿ ಹೆಂಡತಿ ದಾನೇಶ್ವರಿಯ ಹೆಸರು ಕೊಟ್ಟಿದ್ದ. ಬರೆಯುವವರು ಅಭ್ಯರ್ಥಿಗಿಂತ ಕಡಿಮೆ ಓದಿರಬೇಕು ಎಂಬುದು ನಿಯಮ. ಹತ್ತನೆಯ ತರಗತಿ ಪಾಸಾದ ದಾನೇಶ್ವರಿ ಆ ನಿಯಮಕ್ಕೆ ಅಗದಿ ಸರಿಯಾಗಿ ಹೊಂದುತ್ತಿದ್ದಳು.

ಅವಳು ದೇವಿಕೊಪ್ಪದವಳು. ಗದ್ದೆಯ ಸೀಮೆಯಿಂದ ಈ ಎರೆಹೊಲದ ಊರಿಗೆ ಬಂದವಳು. ಹೆಣ್ಣು ನೋಡಲು ಹೋದ ದಿನ ಅವಳ ಸೋದರಮಾವ, "ಕಣ್ಣಿಲ್ಲದವಗ ಹೆಂಗ ಕೊಡೂದು?" ಎಂದು ಎದ್ದು ನಿಂತಿದ್ದ. ಒಳಗಿನಿಂದ ಅವಳೇ ಹೊರಗೆ ಬಂದು, "ಕಣ್ಣಿದ್ದವ್ರು ನಾಕ ಮಂದಿ ಬಂದು ನೋಡಿ ಹೋದ್ರಲ್ಲ, ಒಬ್ಬರರೇ ನನ್ನ ಕೂಡ ಮಾತಾಡಿದ್ರೇನು? ಇವ್ರು ಮಾತಾಡಿದ್ರು" ಎಂದಳಂತೆ. ಅವಳಿಗೆ ಕಾಲೇಜಿಗೆ ಹೋಗುವ ಆಸೆಯಿತ್ತು. ಅಪ್ಪ ಕಳಿಸಲಿಲ್ಲ. ಮಗಳು ನೇತ್ರಾಳನ್ನು ಮಾತ್ರ ಹಟ ಹಿಡಿದು ಧಾರವಾಡದ ಹಾಸ್ಟೆಲಿನಲ್ಲಿಟ್ಟು ಓದಿಸುತ್ತಿದ್ದಳು.

ಲ್ಯಾಪ್‌ಟಾಪಿನ ಧ್ವನಿ ಪರದೆಯ ಮೇಲಿನದನ್ನು ಓದುತ್ತದೆ, ಕಾಗದದ ಪುಸ್ತಕವನ್ನು ಓದುವುದಿಲ್ಲ. ಪರೀಕ್ಷೆಗೆ ಬೇಕಾದ ಇತಿಹಾಸದ ಪುಸ್ತಕಗಳೆಲ್ಲ ಕಾಗದದವು. ಹಾಗಾಗಿ ದಾನೇಶ್ವರಿ ಓದಿದಳು. ಹೊಲದಿಂದ ಬಂದು, ಕೈಕಾಲು ತೊಳೆದು, ಕಿವಿಗೆ ಮೈಕಿನ ಬಳ್ಳಿ ಸಿಕ್ಕಿಸಿಕೊಂಡು, ದಿನಕ್ಕೆ ಒಂದು ತಾಸು. ಮೊದಲು ಮನಸ್ಸಿನಲ್ಲಿ ಓದುವಳು, ತೊಡಕಿನ ಹೆಸರುಗಳನ್ನು ನಾಲಿಗೆಗೆ ರೂಢಿ ಮಾಡಿಕೊಳ್ಳುವಳು, ಆಮೇಲೆ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವಳು, ಕೊನೆಗೆ ಕೇಳಿ ತಪ್ಪಿದ್ದಲ್ಲಿ ತಿದ್ದುವಳು. ಮೂರು ವರ್ಷದಲ್ಲಿ ಹನ್ನೊಂದು ಪುಸ್ತಕ. ರಾಷ್ಟ್ರಕೂಟರ ನಡುವೆ ಎಮ್ಮೆ ಕೂಗುತ್ತಿತ್ತು, ಫ್ರೆಂಚ್ ಕ್ರಾಂತಿಯ ನಡುವೆ ಕುಕ್ಕರು ಸೀಟಿ ಹೊಡೆಯುತ್ತಿತ್ತು. ಅಷ್ಟೂ ಆ ಒಂದೇ ಲ್ಯಾಪ್‌ಟಾಪಿನೊಳಗೆ. ಇದ್ದಬಿದ್ದ ಜೋಳವನ್ನೆಲ್ಲ ನೆಲದೊಳಗಿನ ಒಂದೇ ಹಗೇವಿಗೆ ಸುರಿದ ಹಾಗೆ. ಇನ್ನೊಂದು ಕಡೆ ಒಂದು ಪ್ರತಿ ಇಡಬೇಕೆಂಬ ಬುದ್ಧಿ ಇಬ್ಬರಿಗೂ ಹೊಳೆಯಲಿಲ್ಲ.

ಆ ಲ್ಯಾಪ್‌ಟಾಪೋ, ಹನ್ನೊಂದು ವರ್ಷದ ಹಿಂದೆ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡದ್ದು. ಅದರ ಒಳಗೆ ತಿರುಗುವ ಡಿಸ್ಕಿನ ಸದ್ದು ಸಂಗನಬಸವನಿಗೆ ಹೆಂಡತಿಯ ಕಾಲ್ಸಪ್ಪಳದಷ್ಟೇ ಪರಿಚಯ. ಗುಂಯ್ ಎಂದರೆ ಎದ್ದಿದೆ. ಗರಗರ ಎಂದರೆ ಹುಡುಕುತ್ತಿದೆ. ಸದ್ದು ನಿಂತಿತೆಂದರೆ ಸತ್ತಿದೆ, ಗುಂಡಿ ಒತ್ತಿ ಹಿಡಿದು ಮತ್ತೆ ಹುಟ್ಟಿಸಬೇಕು. ಕಣ್ಣಿದ್ದವರು ಪರದೆ ನೋಡಿ ತಿಳಿಯುವುದನ್ನು ಅವನು ಲ್ಯಾಪ್‌ಟಾಪಿನ ಮೈಗೆ ಕಿವಿ ಹಚ್ಚಿ ತಿಳಿಯುತ್ತಿದ್ದ.

ಶ್ರಾವಣ ಹಿಡಿಯುವ ಹೊತ್ತಿಗೆ ಆ ಸದ್ದು ಕೆಟ್ಟಿತು. ಗರಗರದ ನಡುವೆ ಒಂದು ಕರಕರ ಸೇರಿಕೊಂಡಿತು. ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಹೋಗಲು ಐದೈದು ನಿಮಿಷ. ದಾನೇಶ್ವರಿಯ ಧ್ವನಿ "ಬಾದಾಮಿಯ ಚಾಲುಕ್ಯರು" ಎಂದು ಶುರುವಾಗಿ "ಚಾ" ಎಂಬಲ್ಲೇ ನಿಂತುಬಿಡುತ್ತಿತ್ತು. ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು.

"ಪರೀಕ್ಷಾ ಮುಗೀಲಿ ಬಿಡ್ರಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದಂಗ ಆಕ್ಕೈತಿ" ಎಂದಳು ದಾನೇಶ್ವರಿ.

"ಹದಿನೆಂಟ ದಿನದಾಗ ಹತ್ತ ದಿನ ಇದರ ಮಾರಿ ಕಾಯೂದ್ರಾಗ ಹೊಕ್ಕಾವು. ಆಗೂದಿಲ್ಲ" ಎಂದು ಸಂಗನಬಸವ ಮರುದಿನವೇ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಅಣ್ಣಿಗೇರಿಯ ಬಸ್ಸು ಹತ್ತಿದ.

ಬಸ್‌ಸ್ಟ್ಯಾಂಡಿನ ಎದುರಿಗೆ ಜಾಕೀರನ ಅಂಗಡಿ. ಮೊಬೈಲು, ಕಂಪ್ಯೂಟರು ಎಲ್ಲ ರಿಪೇರಿ ಮಾಡುತ್ತಾನೆ. ಒಂದು ಕಾಲಕ್ಕೆ ಸಂಗನಬಸವನ ವಿದ್ಯಾರ್ಥಿ, ಇತಿಹಾಸದಲ್ಲಿ ಎರಡು ಸಲ ನಪಾಸಾದವನು. ಅವನು ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಿ, ಹಳೆಯ ಡಿಸ್ಕನ್ನು ತೆಗೆದು ಮಾಸ್ತರರ ಕೈಗಿಟ್ಟ. ಭಾರವಿತ್ತು, ಬೆಚ್ಚಗಿತ್ತು. ಇನ್ನೊಂದು ಕೈಗೆ ಹೊಸದನ್ನಿಟ್ಟ.

"ಇದೇನೋ, ಖಾಲಿ ಕಡ್ಡಿಪೆಟಗಿ ಇದ್ದಂಗ ಐತಿ?"

"ಇದು ಎಸ್‌ಎಸ್‌ಡಿ ಅಂತರಿ ಸರ. ಇದರಾಗ ತಿರುಗೂದು ಏನೂ ಇಲ್ರಿ. ತಿರುಗೂ ಸಾಮಾನ ಇಲ್ಲ ಅಂದ್ರ ಕೆಡೂದೂ ಕಡಿಮಿ. ಓಟ ನೋಡ್ರಿ ಆಮ್ಯಾಲ."

ವಿಂಡೋಸನ್ನೂ ಮಾತಾಡುವ ತಂತ್ರಾಂಶವನ್ನೂ ಹೊಸ ಡಿಸ್ಕಿಗೆ ಹಾಕಿ ಜಾಕೀರ ಗುಂಡಿ ಒತ್ತಿದ. ಸಂಗನಬಸವ ಅಭ್ಯಾಸದಂತೆ ಸ್ಟೂಲಿನ ಮೇಲೆ ಕಾಯಲು ಕೂರುವುದರೊಳಗೆ ಧ್ವನಿ ಮಾತಾಡಿತು. ಇಪ್ಪತ್ತು ಸೆಕೆಂಡೂ ಆಗಿರಲಿಲ್ಲ. ಅವನು ಬಾಯಿ ತೆರೆದು ನಕ್ಕುಬಿಟ್ಟ. ಹನ್ನೊಂದು ವರ್ಷ ಇದರ ಮುಂದೆ ಕಾದು ಕಳೆದ ಹೊತ್ತೆಲ್ಲ ನೆನಪಾಗಿ ಹೊಟ್ಟೆ ಉರಿಯಿತು.

"ಆದ್ರ ಸರ," ಎಂದ ಜಾಕೀರ, "ಅಕ್ಕಾರ ರೆಕಾರ್ಡಿಂಗ್ ಎಲ್ಲಾ ಹಳೇದ್ರಾಗನ ಅದಾವು. ಹಳೇದಕ್ಕ ಅಲ್ಲಲ್ಲಿ ಹುಳಾ ಹತ್ತಿದಂಗ ಆಗೇತಿ. ನಿಧಾನ ತಗೀಬೇಕು. ಎರಡ ದಿನ ಬಿಟ್ಟ ಹೋಗ್ರಿ, ಕುಂತು ತಗದ ಕೊಡ್ತೀನಿ."

ಎರಡು ದಿನ! ಹದಿನೇಳರಲ್ಲಿ ಎರಡು ಹೋದರೆ ಹದಿನೈದು. ಸಂಗನಬಸವನಿಗೆ ಅದನ್ನು ಬಿಟ್ಟುಹೋಗಲು ಕೈಯೇ ಬರಲಿಲ್ಲ. "ನಾನ ಮನ್ಯಾಗ ಮಾಡ್ಕೋತೀನಿ, ಹೆಂಗಂತ ಹೇಳು ಸಾಕು" ಎಂದು ಹಟ ಹಿಡಿದ. ಜಾಕೀರ ಹಳೆಯ ಡಿಸ್ಕನ್ನು ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ವಾಯರು ಹಚ್ಚಿ ಕೊಟ್ಟ. ವಾಯರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಎಲ್ಲವನ್ನೂ ಆರಿಸಿ, ಹೊಸದಕ್ಕೆ ಕಾಪಿ ಹಚ್ಚಿ ಸುಮ್ಮನೆ ಬಿಡಬೇಕು. "ನಡುವ ಅಳ್ಳಾಡಸಬ್ಯಾಡ್ರಿ, ವಾಯರ್ ಕೀಳಬ್ಯಾಡ್ರಿ. ಅದು ಮುದುಕ ಆಗೇತಿ" ಎಂದು ಎರಡೆರಡು ಸಲ ಹೇಳಿದ. ಹುಷಾರು ಹೇಳಿದ್ದನ್ನು ಕೇಳಿಸಿಕೊಂಡೂ ಎಡವುವುದು ಎಲ್ಲರ ಹಣೆಬರಹ, ಮಾಸ್ತರರಾದರೇನು?

ಮರುದಿನ ಶುಕ್ರವಾರ. ದಾನೇಶ್ವರಿ ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋದಳು. ಸಂಗನಬಸವ ಕಾಪಿ ಹಚ್ಚಿ ಕೂತ. ಹಳೆಯ ಡಿಸ್ಕು ಡಬ್ಬಿಯೊಳಗೆ ಗರಗರ ಎನ್ನುತ್ತಿತ್ತು. ಲ್ಯಾಪ್‌ಟಾಪು ಕೆಲಸ ಮುಂದೆ ಸಾಗಿದಂತೆ ಆಗೊಮ್ಮೆ ಈಗೊಮ್ಮೆ ಪೀಂ, ಪೀಂ ಎನ್ನುತ್ತ, ಪ್ರತಿ ಸಲವೂ ಧ್ವನಿಯನ್ನು ಒಂದು ಎಳೆ ಏರಿಸುತ್ತಿತ್ತು. ಒಂದು ತಾಸು ಹೀಗೇ ನಡೆಯಿತು. ಅವನು ಕೈ ಮುಗಿದ ಹಾಗೆ ಮೊಣಕಾಲ ನಡುವೆ ಕೈ ಇಟ್ಟುಕೊಂಡು ಕೂತಿದ್ದ, ಮುಟ್ಟಿದರೆ ಕೆಟ್ಟೀತೆಂಬ ಹೆದರಿಕೆಗೆ.

ಮಧ್ಯಾಹ್ನದ ಸುಮಾರಿಗೆ ಪೀಂ ನಿಂತಿತು.

ಕಾದ. ಹತ್ತು ನಿಮಿಷವಾಯಿತು. ಒಂದು ಗುಂಡಿ ಒತ್ತಿದ, ಧ್ವನಿ ಮಾತಾಡಲಿಲ್ಲ. ಇನ್ನೊಂದು ಒತ್ತಿದ, ಇಲ್ಲ. ಬಗ್ಗಿ ಲ್ಯಾಪ್‌ಟಾಪಿನ ಮೈಗೆ ಕಿವಿ ಹಚ್ಚಿದ. ಒಳಗೆ ಏನೂ ಇಲ್ಲ. ಗುಂಯ್ ಇಲ್ಲ, ಗರಗರ ಇಲ್ಲ, ಉಸಿರಿಲ್ಲ. ಹೊಸ ಡಿಸ್ಕಿನಲ್ಲಿ ತಿರುಗುವುದು ಏನೂ ಇಲ್ಲ ಎಂದು ಜಾಕೀರ ಹೇಳಿದ್ದು ಅವನ ತಲೆಗೆ ಗೊತ್ತಿತ್ತು. ಕಿವಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಕಿವಿಯೇ ಅವನ ಕಣ್ಣಾಗಿತ್ತು, ಆ ಕಿವಿ ಈಗ ಸತ್ತಿದೆ ಎಂದು ಹೇಳುತ್ತಿತ್ತು. ಜಾಕೀರನಿಗೆ ಫೋನು ಮಾಡಿದ. ಸ್ವಿಚ್ ಆಫ್. ಜುಮ್ಮಾ ನಮಾಜಿನ ಹೊತ್ತು, ಅದೂ ಹೊಳೆಯಲಿಲ್ಲ.

ಹಳೆಯ ಡಿಸ್ಕು ಮಾತ್ರ ತನ್ನ ಪಾಡಿಗೆ ಗುಂಯ್ ಎಂದು ತಿರುಗುತ್ತಲೇ ಇತ್ತು. ಸತ್ತ ಲ್ಯಾಪ್‌ಟಾಪು ಈ ಮುದುಕನನ್ನೂ ಎಳೆದುಕೊಂಡು ಹೋದರೆ? ಮೊದಲು ಇದನ್ನು ಉಳಿಸಿಕೊಳ್ಳಬೇಕು! ಅವನು ವಾಯರನ್ನು ಕಿತ್ತ. ಡಬ್ಬಿಯನ್ನು ಎತ್ತಿ ಎದೆಗೆ ಹಿಡಿದ. ಒಳಗೆ ಇನ್ನೂ ತಿರುಗುತ್ತಿದ್ದದ್ದು ಅವನ ಕೈಯಲ್ಲಿ ಒಮ್ಮೆ ಬಲವಾಗಿ ನಡುಗಿ, ಟಕ್ ಎಂದು ನಿಂತಿತು. ಎಡಗೈಯಲ್ಲಿ ಅದನ್ನು ಹಿಡಿದುಕೊಂಡೇ ಬಲಗೈಯಿಂದ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಹಿಡಿದು ಆರಿಸಿದ, ಮತ್ತೆ ಹಚ್ಚಿದ. ಇಪ್ಪತ್ತು ಸೆಕೆಂಡಿಗೆ ಧ್ವನಿ ಮಾತಾಡಿತು. ಎಲ್ಲ ಸರಿಯಿತ್ತು. ಲ್ಯಾಪ್‌ಟಾಪು ಸತ್ತಿರಲೇ ಇಲ್ಲ.

ಹಳೆಯ ಡಿಸ್ಕಿನ ವಾಯರನ್ನು ಮತ್ತೆ ಸಿಕ್ಕಿಸಿದ. ಟಕ್. ಟಕ್. ಟಕ್. ಅಷ್ಟೇ. ತಿರುಗಲಿಲ್ಲ.

ಜಾಕೀರನ ಫೋನು ಬಂದಾಗ ಎರಡೂಕಾಲಾಗಿತ್ತು. ಎಲ್ಲ ಕೇಳಿ ಅವನು ಆದದ್ದೇನೆಂದು ಬಿಡಿಸಿ ಹೇಳಿದ.

"ಸರ, ಒಂದ ಫೈಲ್ ಓದಾಕ ಬಂದಿರೂದಿಲ್ರಿ ಅದಕ್ಕ. ಇದನ್ನ ಬಿಡ್ಲೋ, ಮತ್ತ ನೋಡ್ಲೋ ಅಂತ ನಿಮ್ಮನ್ನ ಕೇಳಿ ಸುಮ್ಮನ ನಿಂತಿತ್ತು. ಆ ಪ್ರಶ್ನಿ ಪರದೆ ಮ್ಯಾಲಿತ್ತು, ನಿಮ್ಮ ಧ್ವನಿ ಅಲ್ಲೇ ಸಿಕ್ಕೊಂಡು ಅದನ್ನ ಓದಿಲ್ಲ. ಮಷೀನಿಗೆ ಏನೂ ಆಗಿರಲಿಲ್ರಿ."

"ಈಗ?"

"ಟಕ್ ಟಕ್ ಅಂತೈತಂದ್ರ ಡಿಸ್ಕು ಓದೂ ಒಳಗಿನ ಮುಳ್ಳು ಬಡದೈತ್ರಿ. ಬೆಂಗಳೂರಿಗೆ ಕಳಸಬೇಕು. ತಿಂಗಳ ಹಿಡೀತೈತಿ. ಬಂದ್ರ ಬಂತು." ಆಮೇಲೆ ಸಣ್ಣ ದನಿಯಲ್ಲಿ, "ಎರಡ ದಿನ ಬಿಟ್ಟ ಹೋಗ್ರಿ ಅಂದಿದ್ನೆಲ್ರಿ ಸರ" ಎಂದ.

ಹನ್ನೊಂದು ಪುಸ್ತಕದಲ್ಲಿ ಒಂದೂವರೆ ಹೊಸ ಡಿಸ್ಕಿಗೆ ಬಂದಿತ್ತು. ಉಳಿದದ್ದೆಲ್ಲ ಆ ಟಕ್ ಟಕ್ ಒಳಗೆ. ಸಂಗನಬಸವ ಗೋಡೆಗೆ ತಲೆ ಆನಿಸಿ ಕೂತ. ಯಾರಾದರೂ ತುಡುಗು ಮಾಡಿದ್ದರೆ ಬೈಯಬಹುದಿತ್ತು. ಸಿಡಿಲು ಬಡಿದಿದ್ದರೆ ದೇವರನ್ನು ಬೈಯಬಹುದಿತ್ತು. ಇದು ಅವನ ಕೈಯೇ, ಅವನದೇ ಅವಸರ. ಮೂರು ವರ್ಷ ಒಬ್ಬ ಹೆಣ್ಣುಮಗಳು ದಣಿದ ಮೈಯಲ್ಲಿ ಓದಿದ್ದನ್ನು ಅವನು ಒಂದು ಮಧ್ಯಾಹ್ನದಲ್ಲಿ ಮುರಿದು ಹಾಕಿದ್ದ. ಅವಳಿಗೆ ಏನು ಹೇಳುವುದು?

ಸಂಜೆ ಅವಳು ಬಂದು, "ಕಾಪಿ ಆತೇನ್ರಿ?" ಎಂದರೆ "ಆತು" ಎಂದ. ಮುಂದಿನ ಮೂರು ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಏನೂ ಇಲ್ಲದ್ದನ್ನು ಕೇಳುತ್ತ ಕೂತ. ನಡುನಡುವೆ ತಲೆಯಾಡಿಸುತ್ತಿದ್ದ, ಅವಳು ನೋಡುತ್ತಿರಬಹುದೆಂದು. ಊಟ ಸೇರಲಿಲ್ಲ. ಆ ಹಾಳು ಲ್ಯಾಪ್‌ಟಾಪು ಮಾತ್ರ ಈಗ ಗುಂಡಿ ಒತ್ತಿದರೆ ಸಾಕು, ಪಟ್ಟನೆ ಎದ್ದು ಸೇವೆಗೆ ನಿಲ್ಲುತ್ತಿತ್ತು. ಅದರ ಚುರುಕು ಕಂಡರೆ ಅವನಿಗೆ ಎತ್ತಿ ಕುಕ್ಕಬೇಕೆನಿಸುತ್ತಿತ್ತು. ಗುಡದಪ್ಪ ಕಟ್ಟೆಯ ಮೇಲಿಂದ, "ಏನ್ರೀ ಮಾಸ್ತರ, ಭೂತ ಭಾರೀ ಲಗೂ ಏಳಾಕತ್ತೈತಲ್ಲ!" ಎಂದು ಕೂಗಿದರೆ ಎದ್ದು ಬಾಗಿಲು ಮುಂದೆ ಮಾಡಿಕೊಂಡ.

ನಾಲ್ಕನೆಯ ದಿನ ದಾನೇಶ್ವರಿ ರೊಟ್ಟಿ ಬಡಿಯುತ್ತ ಕೇಳಿದಳು: "ಇವತ್ತ ಯಾವ ಪಾಠ ಕೇಳಿದ್ರಿ?"

"ಬಹಮನಿ."

"ಅದರಾಗ ನಾ ನಡುವ ಭಾಳ ಕೆಮ್ಮೀನಲ್ರಿ. ಜ್ವರಾ ಬಂದಿತ್ತು ಆವಾಗ. ಕಿವಿಗೆ ತ್ರಾಸ ಆತೇನು?"

ಸಂಗನಬಸವನಿಗೆ ಇನ್ನು ತಡೆಯಲಾಗಲಿಲ್ಲ. "ದಾನೀ, ಕೆಮ್ಮೂ ಇಲ್ಲ, ಬಹಮನೀನೂ ಇಲ್ಲ" ಎಂದು, ಕೂತಲ್ಲೇ ಮುಖ ಮುಚ್ಚಿಕೊಂಡು, ಶುಕ್ರವಾರದ್ದೆಲ್ಲ ಹೇಳಿದ. "ನಾ ಕಡಿಗೂ ಕುರುಡನ ಆದೆ" ಎಂದ. ಆ ಮಾತನ್ನು ಅವನು ತನ್ನ ಬಗ್ಗೆ ಜನ್ಮದಲ್ಲಿ ಒಮ್ಮೆಯೂ ಆಡಿದವನಲ್ಲ.

ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ಅವಳು ಅದನ್ನು ತೆಗೆದು ಬದಿಗಿಟ್ಟಳು. ಬೈಯಲಿಲ್ಲ. ಅಳಲೂ ಇಲ್ಲ. ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು. ಆಮೇಲೆ, ರೆಕಾರ್ಡಿಂಗಿಗೆಂದೇ ಅವಳು ಇಟ್ಟುಕೊಂಡಿದ್ದ ಪುಸ್ತಕದ ದನಿಯಲ್ಲಿ, "ಬಹಮನಿ ರಾಜ್ಯವು ಸಾವಿರದ ಮುನ್ನೂರ ನಲವತ್ತೇಳರಲ್ಲಿ ಸ್ಥಾಪನೆಯಾಯಿತು. ಇದರ ಸ್ಥಾಪಕ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ. ಇವನು ಗುಲ್ಬರ್ಗವನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು" ಎಂದಳು. ನಿಲ್ಲಿಸಲಿಲ್ಲ. ಮಹಮೂದ್ ಗವಾನನ ಕೊಲೆಯವರೆಗೂ ಹೋದಳು.

ಸಂಗನಬಸವ ಮುಖದಿಂದ ಕೈ ತೆಗೆದ. "ಪುಸ್ತಕ ಹಿಡದಿಯೇನು?"

"ಕೈಯಾಗ ಹಿಟ್ಟೈತಿ. ಪುಸ್ತಕ ಕಾಲೇಜ ಲೈಬ್ರರಿಗೆ ತಿರುಗಿ ಕೊಟ್ಟ ವರ್ಷ ಆತಲ್ರಿ, ಈಗ ಅಲ್ಲೂ ಸಿಗೂದಿಲ್ಲ, ಪರೀಕ್ಷಾದವ್ರು ಒಯ್ದಾರ. ಮೂರ್ಮೂರ ಸಲ ಓದಿ ಕೇಳಿದ್ದು, ತೆಲ್ಯಾಗ ಉಳದೈತಿ. ಎಲ್ಲಾ ಉಳದಿಲ್ಲ. ಯುರೋಪದ್ದು ಭಾಳ ಹೋಗೇತಿ, ಆ ಹೆಸರು ನಾಲಿಗಿಗೆ ನಿಲ್ಲೂದಿಲ್ಲ. ಇದ್ದಷ್ಟ ಹೇಳ್ತೀನಿ. ಕೇಳ್ರಿ."

ಸಂತೋಷವಾಗಬೇಕಿತ್ತು ಅವನಿಗೆ. ಆಯಿತು ಕೂಡ, ಮುಳುಗುವವನಿಗೆ ಬೇರು ಸಿಕ್ಕಷ್ಟು. ಆದರೆ ಅದರ ಜೊತೆಗೇ ಒಂದು ನಾಚಿಕೆ ಬಂತು. ಮೂರು ವರ್ಷ ಅವಳನ್ನು ಅವನು ಓದುವ ಯಂತ್ರವೆಂದೇ ತಿಳಿದಿದ್ದ. ಕಲಿಯುವವನು ತಾನು, ಓದುವವಳು ಅವಳು. ಒಂದು ದಿನವಾದರೂ, "ನಿನಗ ಏನ ತಿಳೀತು?" ಎಂದು ಕೇಳಿರಲಿಲ್ಲ.

ಉಳಿದ ಹನ್ನೆರಡು ದಿನ ಆ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಹೆಸರುಕಾಯಿಯ ರಾಶಿಯ ಮುಂದೆ ಕೂತು ಅವಳು ಹೇಳುವಳು, ಅವನು ಹೇಳಿ ಒಪ್ಪಿಸುವನು. ಹೊಲಕ್ಕೆ ಹೋದರೆ ಅವನೂ ಅವಳ ಹೆಗಲು ಹಿಡಿದು ಹೋಗುವನು. ಕೆಲವು ಅಧ್ಯಾಯ ಹೊಳೆಯ ಹಾಗೆ ಬರುತ್ತಿದ್ದವು, ಕೆಲವು ನಾಲ್ಕು ಸಾಲಿಗೆ ಬತ್ತುತ್ತಿದ್ದವು. ಬತ್ತಿದಲ್ಲಿ ಅವಳು ಹಣೆ ಹಣೆ ಬಡಿದುಕೊಳ್ಳುವಳು, ತನ್ನದೇ ತಪ್ಪೆನ್ನುವ ಹಾಗೆ. ಅವನ ತಲೆಯಾದರೋ ಹೆದರಿಕೆಯಿಂದ ಸೋರುವ ಕೊಡವಾಗಿತ್ತು. ಹತ್ತೊಂಬತ್ತು ವರ್ಷ ಪಾಠ ಹೇಳಿದ ಸಂಗತಿಯೇ ಅದಲುಬದಲಾಗುತ್ತಿತ್ತು. ನಿದ್ದೆಯಿಲ್ಲದೆ, ಹಸಿವೆಯಿಲ್ಲದೆ, ಇಬ್ಬರೂ ಪರೀಕ್ಷೆಯ ದಿನಕ್ಕೆ ಬಂದು ಮುಟ್ಟಿದರು.

ಧಾರವಾಡದ ಒಂದು ಶಾಲೆಯಲ್ಲಿ ಅವರಿಬ್ಬರಿಗೇ ಬೇರೆ ಕೋಣೆ ಕೊಟ್ಟಿದ್ದರು. ಕಾವಲಿಗೆ ಒಬ್ಬ ಮೇಡಮ್ಮು ಕುರ್ಚಿ ಹಾಕಿಕೊಂಡು ಕೂತಿದ್ದರು. ನೂರೈವತ್ತು ಪ್ರಶ್ನೆ. ದಾನೇಶ್ವರಿ ಪ್ರಶ್ನೆಯನ್ನೂ ನಾಲ್ಕು ಉತ್ತರಗಳನ್ನೂ ಓದಬೇಕು, ಸಂಗನಬಸವ ಎಷ್ಟನೆಯದೆಂದು ಹೇಳಬೇಕು, ಅವಳು ಆ ಉತ್ತರದ ವೃತ್ತವನ್ನು ಪೆನ್ನಿನಿಂದ ಕಪ್ಪಾಗಿ ತುಂಬಬೇಕು. ಅವಳು ತಾನಾಗಿ ಒಂದಕ್ಷರ ಆಡುವಂತಿಲ್ಲ.

ಇಪ್ಪತ್ತೆರಡರವರೆಗೆ ಎಲ್ಲ ನೆಟ್ಟಗೆ ಹೋಯಿತು. ಇಪ್ಪತ್ಮೂರನೆಯದು: ಮೊದಲನೆಯ ಆಂಗ್ಲೋ-ಮೈಸೂರು ಯುದ್ಧ ಯಾವ ಒಪ್ಪಂದದಿಂದ ಮುಗಿಯಿತು?

"ಮಂಗಳೂರು. ಎರಡು" ಎಂದ ಸಂಗನಬಸವ.

ಪೆನ್ನು ಕಾಗದದ ಮೇಲೆ ಓಡುವ ಸದ್ದು ಬರಲಿಲ್ಲ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆದರೆ ಹನ್ನೆರಡು ದಿನ ಅವನು ತಪ್ಪು ಒಪ್ಪಿಸಿದಾಗಲೆಲ್ಲ ಅವಳು ತಿದ್ದುವ ಮೊದಲು ಹೀಗೇ ಒಂದು ಉಸಿರು ತಡೆಯುತ್ತಿದ್ದಳು. ಅವನ ಕಿವಿ ಅದನ್ನು ಬಿಡುತ್ತದೆಯೇ?

"ಅಲ್ಲ, ಮದ್ರಾಸು. ಒಂದು."

ಪೆನ್ನು ಓಡಿತು.

ಅವನ ಎದೆಯಲ್ಲಿ ಹಿಗ್ಗು ಎದ್ದಿತು. ದಾರಿ ಸಿಕ್ಕಿತ್ತು! ಯಾರಿಗೂ ಕಾಣದ, ಯಾರೂ ಹಿಡಿಯಲಾರದ ದಾರಿ. ಮೇಡಮ್ಮಿಗೆ ಕಣ್ಣಿತ್ತು, ಇಂಥ ಕಿವಿ ಇರಲಿಲ್ಲ. ಕಾಯಂ ಕೆಲಸ, ಜೂನಿನ ಹೆದರಿಕೆಯಿಲ್ಲದ ವರ್ಷಗಳು, ನೇತ್ರಾಳ ಓದು, ಎಲ್ಲ ಒಂದು ಉಸಿರಿನ ಆಚೆಗೆ ಕೂತಿದ್ದವು. ಆಮೇಲೆ ತನ್ನ ಕಾಲೇಜಿನ ಪರೀಕ್ಷಾ ಕೋಣೆ ನೆನಪಾಯಿತು. ಅಣ್ಣಿಗೇರಿಯ ಹುಡುಗರು ಅವನನ್ನು ಕಿವಿಯಲ್ಲೇ ನಕಲು ಹಿಡಿಯುವ ಮಾಸ್ತರ ಎನ್ನುತ್ತಿದ್ದರು. ಅಂಗಿಯ ತೋಳಿನಲ್ಲಿ ಚೀಟಿ ಸರಿದರೂ ಕೇಳಿ, ಹೆಸರು ಹಿಡಿದು ಎಬ್ಬಿಸುತ್ತಿದ್ದ. ಎದ್ದುನಿಂತು ಅತ್ತವರಿದ್ದರು, ಕಾಲಿಗೆ ಬಿದ್ದವರಿದ್ದರು. ಒಬ್ಬರನ್ನೂ ಬಿಟ್ಟವನಲ್ಲ.

ಇಪ್ಪತ್ತೊಂಬತ್ತನೆಯ ಪ್ರಶ್ನೆಗೆ "ಮೂರು" ಎಂದ. ಪೆನ್ನು ಮತ್ತೆ ನಿಂತಿತು.

ಉತ್ತರ ಬದಲಿಸುವ ಮಾತು ಅವನ ನಾಲಿಗೆಯ ತುದಿಗೆ ಬಂತು. ಬೇಕಾಗಿತ್ತು ಅವನಿಗೆ. ಇಷ್ಟು ಬೇಕಾದದ್ದು ಬದುಕಿನಲ್ಲಿ ಇನ್ನೊಂದಿರಲಿಲ್ಲ. ಮೇಡಮ್ಮಿನ ಕುರ್ಚಿ ಕಿರ್ರೆಂದಿತು.

"ನಾ ಹೇಳಿದ್ದಷ್ಟ ಬರಿ ದಾನೀ" ಎಂದ ಕೊನೆಗೆ. ದನಿ ಅವನದೇ ಅನ್ನಿಸಲಿಲ್ಲ. "ತಡೀಬ್ಯಾಡ."

"ಏನ್ರೀ ಅದು?" ಎಂದರು ಮೇಡಮ್ಮು.

"ಏನಿಲ್ರಿ. ಲಗೂ ಬರಿ ಅಂದೆ."

ಪೆನ್ನು ಓಡಿತು. ಅಲ್ಲಿಂದ ಕೊನೆಯವರೆಗೆ ಅದು ಎಲ್ಲಿಯೂ ನಿಲ್ಲಲಿಲ್ಲ. ಸರಿಯಿದ್ದದ್ದಕ್ಕೂ ತಪ್ಪಿದ್ದದ್ದಕ್ಕೂ ಒಂದೇ ಓಟ, ಒಂದೇ ಸದ್ದು. ಸಂಗನಬಸವ ಕಿವಿ ಸೂಜಿಯಾಗಿಸಿ ಕೇಳಿದ. ಎರಡು ಮೂರು ಸಲ, ಒಮ್ಮೆ ತಡೆಯಲಿ, ಒಮ್ಮೆಯಾದರೂ ತಡೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಅವಳು ತಡೆಯಲಿಲ್ಲ.

ಹೊರಗೆ ಬಂದು ಇಬ್ಬರೂ ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ಕೂತರು. ಸುತ್ತ ಪರೀಕ್ಷೆ ಬರೆದವರು ಉತ್ತರ ತಾಳೆ ನೋಡುತ್ತ ಗದ್ದಲ ಮಾಡುತ್ತಿದ್ದರು. ದಾನೇಶ್ವರಿ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಅವನ ಕೈಗಿಟ್ಟಳು. ಅವನು ತಿನ್ನಲಿಲ್ಲ.

"ಎಷ್ಟು?" ಎಂದ.

ಅವಳಿಗೆ ಪ್ರಶ್ನೆ ಅರ್ಥವಾಗಿತ್ತು.

"ಹದಿನೇಳ ಸಲ ಕೈ ನಿಲ್ಲಾಕ ನೋಡಿತ್ರಿ. ನಾ ನಿಲ್ಲಗೊಡಲಿಲ್ಲ."

ಹಿಂದಿನ ಸಲ ನಾಲ್ಕಕ್ಕೆ ಹೋಗಿತ್ತು. ಇದು ಹದಿನೇಳು, ಅದೂ ಅವಳಿಗೆ ಗೊತ್ತಿದ್ದಷ್ಟೇ. ಇನ್ನು ಫಲಿತಾಂಶ ನೋಡುವ ಕೆಲಸ ಉಳಿದಿರಲಿಲ್ಲ. ಸಂಗನಬಸವನಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಗೆ ತಿರುಗಿ ಇಟ್ಟು, "ಛಲೋ ಮಾಡಿದಿ" ಎಂದ.

ಆಗ ಅವಳು ಅತ್ತಳು. ಡಿಸ್ಕು ಹೋದದ್ದು ಕೇಳಿದಾಗ ಅಳದವಳು, ಅಷ್ಟು ಜನರ ನಡುವೆ ಸೆರಗು ಬಾಯಿಗೆ ಹಿಡಿದು ಅತ್ತಳು. ಸಂಗನಬಸವ ತಡವಿ ಅವಳ ಬಲಗೈ ಹುಡುಕಿ ಹಿಡಿದ. ಪೆನ್ನನ್ನು ಅವಳು ಆಗಲೇ ಚೀಲದೊಳಗೆ ಇಟ್ಟಿದ್ದಳು. ಬೆರಳುಗಳು ಮಾತ್ರ ಇನ್ನೂ ಅದನ್ನು ಹಿಡಿದಂತೆಯೇ ಬಿಗಿದುಕೊಂಡಿದ್ದವು.